ಕಪ್‌ನ ವಾಲ್ವ್ ಬಿಚ್ಚಿಸಿ ನೋಡಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಚರ್ಮದ ಮೇಲೆ ಕಪ್ ಕೂರಿಸಿ ಎಳೆಯುವ, ಕೆಲವೊಮ್ಮೆ ಚರ್ಮ ಗೀರಿ ರಕ್ತವನ್ನೂ ತೆಗೆಯುವ ಚಿಕಿತ್ಸೆಯೇ ಕಪ್ಪಿಂಗ್. ಅದನ್ನು ನಿಲ್ಲಿಸಿ ಎಂದು ಕೇಳುತ್ತಿಲ್ಲ. ಚೀನಾದ ಬಾಗುವಾನ್, ಯುನಾನಿಯ ಹಿಜಾಮಾ, ಸುಶ್ರುತ ಹೇಳಿದ ಕೊಂಬು, ಸೋರೆಬುರುಡೆ, ಎಲ್ಲ ಹಳೆಯವೇ. ತಕರಾರು ಒಂದೇ: ಒಬ್ಬರ ರಕ್ತ ಮೆತ್ತಿದ ಕಪ್ ಇನ್ನೊಬ್ಬರ ಬೆನ್ನಿಗೆ ಹೋಗಬಾರದು.

ಸ್ಪಾ, ಪಾರ್ಲರ್‌ಗಳಲ್ಲಿ ಬಳಸುವುದು ಪಂಪ್‌ನಿಂದ ಗಾಳಿ ಎಳೆಯುವ ಪ್ಲಾಸ್ಟಿಕ್ ಕಪ್. ಅದರ ನೆತ್ತಿಯಲ್ಲೊಂದು ಪುಟ್ಟ ವಾಲ್ವ್. ಚರ್ಮ ಗೀರಿ ಪಂಪ್ ಜೋರಾಗಿ ಎಳೆದರೆ ರಕ್ತ ಅದರೊಳಕ್ಕೆ ಏರುತ್ತದೆ. ಆಮೇಲೆ ಆಂಟಿಸೆಪ್ಟಿಕ್ ನೀರಲ್ಲಿ ಅದ್ದಿ ತೆಗೆದರೆ ಕಪ್ ಫಳಫಳ ಹೊಳೆಯುತ್ತದೆ. ವಾಲ್ವ್ ಬಿಚ್ಚಿ ನೋಡಿ, ರಬ್ಬರ್ ಸಂದಿಯಲ್ಲಿ ಕಂದುಗಟ್ಟಿದ ರಕ್ತ ಹಾಗೇ ಕೂತಿರುತ್ತದೆ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಸೋಂಕು ಹರಡಬಲ್ಲದು. ಬಿಸಿ ಹಬೆಯ ಒತ್ತಡದಲ್ಲಿ ಕ್ರಿಮಿ ಕೊಲ್ಲುವ ಯಂತ್ರ ಆಟೋಕ್ಲೇವ್; ಅದರ 121 ಡಿಗ್ರಿಯನ್ನು ಈ ಅಗ್ಗದ ಪ್ಲಾಸ್ಟಿಕ್ ತಡೆಯುವುದಿಲ್ಲ. ರಕ್ತ ತೆಗೆದ ಕಪ್ ಒಬ್ಬರಿಗೇ ಕೊನೆ, ಬ್ಲೇಡೂ ಅಷ್ಟೇ.

ಬೆಂಕಿಯ ಕಪ್ಪಿಂಗ್‌ನದು ಬೇರೆ ಗೋಳು. ಸ್ಪಿರಿಟ್ ಹತ್ತಿಯನ್ನು ಚೆನ್ನಾಗಿ ಹಿಂಡಬೇಕು, ಉರಿಯನ್ನು ಗಾಜಿನ ಕಪ್‌ನ ಅಂಚಿಗೆ ತಾಗಿಸದೆ ಒಳಗೆ ಒಂದೆರಡು ಸೆಕೆಂಡು ಆಡಿಸಿ ತೆಗೆದು, ಕಪ್ ಕೂಡಲೇ ಕೂರಿಸಬೇಕು. ಹಿಂಡದಿದ್ದರೆ ಉರಿಯುವ ಹನಿ ಬೆನ್ನಿಗೇ ಬೀಳುತ್ತದೆ. ಅಂಚು ಕಾದರೆ ಉಂಗುರದಂತೆ ಸುಡುತ್ತದೆ. ಐದರಿಂದ ಹತ್ತು ನಿಮಿಷಕ್ಕೆ ತೆಗೆಯಬೇಕಾದ್ದನ್ನು ಅರ್ಧ ಗಂಟೆ ಬಿಟ್ಟರೆ ನೀರುಗುಳ್ಳೆ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಸತ್ತವರಿಗೆ ಸುಟ್ಟದ್ದೂ ತಿಳಿಯದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರ ಚರ್ಮ ಗೀರಲೇಬಾರದು. ಇದನ್ನೆಲ್ಲ ಕೇಳುವವರು ಯಾರು?

ಕಪ್ ತೆಗೆದ ಮೇಲೆ ಬೆನ್ನಲ್ಲಿ ಉಳಿಯುವ ಕಪ್ಪು ಚಕ್ರಗಳನ್ನು ತೋರಿಸಿ ‘ವಿಷ ಹೊರಬಂತು’ ಎಂದು ದುಡ್ಡು ಎಣಿಸುತ್ತಾರೆ. ವಿಷವಲ್ಲ, ಎಳೆತಕ್ಕೆ ಒಡೆದ ಸಣ್ಣ ರಕ್ತನಾಳಗಳ ಕಲೆ. ಬಿಗಿದ ಬೆನ್ನು ಕೆಲವರಿಗೆ ಸ್ವಲ್ಪ ಹೊತ್ತು ಹಗುರವಾಗಬಹುದು, ಅದಕ್ಕಿಂತ ದೊಡ್ಡ ಮಾತಿಗೆ ಗಟ್ಟಿ ಆಧಾರವಿಲ್ಲ.

ನಿಯಮ ಗೊತ್ತಿಲ್ಲ ಎನ್ನಬೇಡಿ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ನಿಮ್ಮ ಇಲಾಖೆಯದ್ದೇ. ಬ್ಲೇಡು ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ ಎಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಹೇಳುತ್ತದೆ. ಇಲ್ಲಿ ಎಲ್ಲವೂ ಬಾತ್‌ರೂಮಿನ ಬಕೆಟ್ಟಿಗೆ! ಎಷ್ಟು ವರ್ಷ ಹೇಳುವುದು ಸ್ವಾಮಿ?

ನೋಂದಣಿ ಇಲ್ಲದವರು ಚರ್ಮ ಗೀರುವುದನ್ನು ನಿಲ್ಲಿಸಿ. ರಾಷ್ಟ್ರೀಯ ಯುನಾನಿ ಸಂಸ್ಥೆ ಬೆಂಗಳೂರಿನಲ್ಲೇ ಇದೆ, ಅಲ್ಲಿನ ತಜ್ಞರಿಂದ ಒಂದು ಪುಟದ ಕ್ರಮ ಬರೆಸಿ ಪ್ರತಿ ಪಾರ್ಲರ್‌ನ ಗೋಡೆಗೆ ಅಂಟಿಸಿ. ತಪಾಸಣೆಗೆ ಹೋದವರು ಪರವಾನಗಿ ನೋಡಿ ವಾಪಸಾಗದೆ, ಕಪ್ ಕೈಗೆತ್ತಿಕೊಂಡು ವಾಲ್ವ್ ಬಿಚ್ಚಿ ನೋಡಲಿ.

ಇಂತಿ,
ಕಪ್ಪಿಂಗ್ ಮಾಡುವ ನೋಂದಾಯಿತ ವೈದ್ಯರೊಬ್ಬರು