ಮಗಳಿಗೊಂದು ಪತ್ರ: ಕನ್ನಡಿ ಟೋಪಿಯ ಹಾಡುಗಾರರು

ಪ್ರೀತಿಯ ಮಗಳೇ,

ಬರ್ಮಿಂಗ್‌ಹ್ಯಾಮಿನ ಅಂಗಡಿಗಳಲ್ಲಿ ನವೆಂಬರ್ ಮುಗಿಯುವ ಮೊದಲೇ ಎಪ್ಪತ್ತರ ದಶಕದ ಸ್ಲೇಡ್ ರಾಕ್ ತಂಡದ ‘ಮೆರ್ರಿ ಎಕ್ಸ್‌ಮಸ್ ಎವ್ರಿಬಡಿ’ ಕೇಳಿಸತೊಡಗಿದೆ ಎಂದೂ, ನಾನು ಅಡುಗೆಮನೆಯಲ್ಲಿ ಗುನುಗುತ್ತಿದ್ದದ್ದು ಅದೇ ರಾಗವೆಂದು ತಿಳಿದು ನಗು ಬಂತೆಂದೂ ಬರೆದಿದ್ದೀಯೆ. ಅದನ್ನು ಹಾಡುವ ಆ ಮನುಷ್ಯನ ಕಿರುಚಾಟದಲ್ಲಿ ನಿನಗೇನು ಕಂಡಿತಮ್ಮ ಎಂಬ ಪ್ರಶ್ನೆಗೆ ಫೋನಿನಲ್ಲಿ ಹೇಳಿ ಮುಗಿಸುವಂಥ ಉತ್ತರ ನನ್ನಲ್ಲಿಲ್ಲ.

ನೀನಿರುವ ಊರಿನಿಂದ ವುಲ್ವರ್‌ಹ್ಯಾಂಪ್ಟನ್‌ಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಡ. 1971ರಲ್ಲಿ ನಿನ್ನ ಅಜ್ಜ ಅಲ್ಲಿನ ಆಸ್ಪತ್ರೆಯಲ್ಲಿ ವೈದ್ಯರಾಗಿ ಸೇರಿದಾಗ ಉಡುಪಿಯಿಂದ ನಾವೂ ಅವರ ಹಿಂದೆ ಹೋದೆವು. ವಲಸಿಗರು ಬೇಡವೆಂದು 1968ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಗುಡುಗಿದ್ದ ಇನಾಕ್ ಪೊವೆಲ್ ಆಗಿನ್ನೂ ಆ ಊರಿನ ಒಂದು ಕ್ಷೇತ್ರದ ಸಂಸತ್ ಸದಸ್ಯನಾಗಿದ್ದ. ತಲೆ ಬೋಳಿಸಿ ದಪ್ಪ ಬೂಟು ತೊಟ್ಟ ಸ್ಕಿನ್‌ಹೆಡ್ ಹುಡುಗರು ಎದುರಾದರೆ ನಿನ್ನ ಅಜ್ಜಿ ನನ್ನ ಕೈ ಹಿಡಿದು ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದರು. ಸ್ಲೇಡ್ ಹುಡುಗರು ಅದೇ ಸೀಮೆಯವರು. ಅವರ ಮ್ಯಾನೇಜರ್ ಚ್ಯಾಸ್ ಚ್ಯಾಂಡ್ಲರ್, ಪತ್ರಿಕೆಯವರ ಕಣ್ಣಿಗೆ ಬೀಳಲೆಂದು, 1969ರಲ್ಲಿ ಅವರಿಗೂ ಆ ಸ್ಕಿನ್‌ಹೆಡ್ ವೇಷವನ್ನೇ ಹಾಕಿಸಿದ್ದನು. ಹೀಗಾಗಿ ಪಕ್ಕದ ಮನೆಯವರು ಊರ ಹೆಮ್ಮೆಯೆಂಬಂತೆ ಅವರ ಹಳೆಯ ಫೋಟೋ ತೋರಿಸಿದಾಗ ಅಜ್ಜಿಗೆ ಹೆಮ್ಮೆಗಿಂತ ಹೆದರಿಕೆಯೇ ಹೆಚ್ಚಾಯಿತು.

ಆದರೆ ಟಿವಿಯಲ್ಲಿ ಬಂದವರು ಬೇರೆಯೇ ಆಗಿದ್ದರು. ಗುರುವಾರ ಸಂಜೆ ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಆರಂಭವಾದರೆ ಊರಿನ ಮಕ್ಕಳೆಲ್ಲ ಪೆಟ್ಟಿಗೆಯ ಮುಂದೆ ಇರುತ್ತಿದ್ದರು. ಇದ್ದದ್ದೇ ಮೂರು ಚಾನೆಲ್. ಕೂದಲು ಬೆಳೆಸಿ, ಹಣೆಯ ಮೇಲೆ ಮಿನುಗು ಹಚ್ಚಿ, ಗೇಣುದ್ದ ಅಟ್ಟೆಯ ಬೂಟಿನಲ್ಲಿ ಗಿಟಾರ್ ಹಿಡಿದು ಹಲ್ಲು ಕಿರಿಯುವ ಡೇವ್ ಹಿಲ್. ತಲೆಯ ಮೇಲೆ ದುಂಡು ಕನ್ನಡಿಗಳನ್ನು ಅಂಟಿಸಿದ ಎತ್ತರದ ಟೋಪಿ ಇಟ್ಟುಕೊಂಡು, ದೀಪದ ಬೆಳಕನ್ನು ಜನರ ಮುಖದ ಮೇಲೆ ಚೆಲ್ಲುತ್ತಾ ಹಾಡುವ ನಾಡಿ ಹೋಲ್ಡರ್. ಆಸ್ಪತ್ರೆಯಿಂದ ದಣಿದು ಬಂದ ನಿನ್ನ ಅಜ್ಜ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, “ಇದು ನಮ್ಮ ಯಕ್ಷಗಾನದ ಬಣ್ಣದ ವೇಷವೇ ಅಲ್ಲವೇ, ಚೆಂಡೆಯೊಂದು ಕಡಿಮೆ” ಎಂದರು. ಅಂದಿನಿಂದ ಅಜ್ಜಿಯ ಹೆದರಿಕೆ ಅರ್ಧ ಇಳಿಯಿತು.

ಶಾಲೆಯಲ್ಲಿ ನಾನು ಎಣ್ಣೆ ಹಚ್ಚಿದ ಜಡೆಯನ್ನು ಕೋಟಿನೊಳಗೆ ತುರುಕಿ, ಯಾರ ಕಣ್ಣಿಗೂ ಬೀಳದಂತೆ ಇರಲು ಹೆಣಗುತ್ತಿದ್ದವಳು. ಅದೇ ಊರಿನ ಕೂಲಿ ಕುಟುಂಬಗಳ ಹುಡುಗರು ಎಲ್ಲರೂ ನೋಡಲೆಂದೇ ಅಷ್ಟು ವೇಷ ಕಟ್ಟಿಕೊಂಡು, ಅದರ ಬಗ್ಗೆ ತಾವೇ ನಗುತ್ತಾ, ತಮ್ಮ ಒರಟು ಉಚ್ಚಾರಣೆಯನ್ನು ಒಂದಿಷ್ಟೂ ತಿದ್ದಿಕೊಳ್ಳದೆ ಹಾಡುವುದನ್ನು ಕಂಡಾಗ ನನ್ನೊಳಗೆ ಏನೋ ಸಡಿಲವಾಯಿತು. ಹಾಡಿನ ಹೆಸರುಗಳನ್ನೂ ಅವರು ಊರ ಜನ ಆಡುವಂತೆಯೇ ಕಾಗುಣಿತ ಕೆಡಿಸಿ ಅಚ್ಚು ಹಾಕಿಸುತ್ತಿದ್ದರು. ನಮ್ಮ ಇಂಗ್ಲಿಷ್ ಶಿಕ್ಷಕಿಗೆ ಅದು ಕಣ್ಣಲ್ಲಿ ಕಸ ಬಿದ್ದಂತೆ; ಹೊಸದಾಗಿ ಇಂಗ್ಲಿಷ್ ಕಲಿಯುತ್ತಿದ್ದ ನನಗೋ ಹಬ್ಬ.

ಮಿನುಗು, ವೇಷಗಳ ಈ ಗ್ಲ್ಯಾಮ್ ರಾಕ್ ಸಂಗೀತದ ಅಲೆಯನ್ನು ಎಬ್ಬಿಸಿದವರು ಅವರಲ್ಲ. 1971ರ ಮಾರ್ಚ್‌ನಲ್ಲಿ ಅದೇ ಟಿವಿ ಕಾರ್ಯಕ್ರಮದಲ್ಲಿ ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್ ಕಣ್ಣಿನ ಕೆಳಗೆ ಮಿನುಗು ಹಚ್ಚಿಕೊಂಡು ‘ಹಾಟ್ ಲವ್’ ಹಾಡಿದ್ದನ್ನೇ ಮೊದಲೆಂದು ಎಣಿಸುತ್ತಾರೆ. ನನ್ನ ಕಣ್ಣಾರೆ ಕಂಡದ್ದರಲ್ಲಿ ಮರೆಯಲಾಗದ್ದು 1972ರ ಜುಲೈ 6ರ ಡೇವಿಡ್ ಬೋವಿಯ ‘ಸ್ಟಾರ್‌ಮ್ಯಾನ್’. ಕೆಂಗೂದಲಿನ ಆತ ಕ್ಯಾಮೆರಾದತ್ತ ಬೆರಳು ತೋರಿಸಿ ಹಾಡುತ್ತಾ, ಗಿಟಾರ್ ವಾದಕ ಮಿಕ್ ರಾನ್ಸನ್‌ನ ಹೆಗಲ ಮೇಲೆ ಆರಾಮವಾಗಿ ಕೈ ಹಾಕಿದ. ಗಂಡಸರ ನಡುವಿನ ಪ್ರೇಮ ಇಂಗ್ಲೆಂಡಿನಲ್ಲಿ ಅಪರಾಧವಲ್ಲವೆಂದಾಗಿ ಐದೇ ವರ್ಷವಾಗಿದ್ದ ಆ ಕಾಲದಲ್ಲಿ ಅದು ಎಷ್ಟು ಜನರಿಗೆ ಎಷ್ಟು ಧೈರ್ಯ ಕೊಟ್ಟಿತೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಆಗ ಕಂಡದ್ದು ಅವನ ನೀಲಿ ಗಿಟಾರ್ ಮಾತ್ರ. ಸ್ವೀಟ್, ಮಡ್, ಸೂಜಿ ಕ್ವಾಟ್ರೊ ಮುಂತಾದವರಿಗೆಲ್ಲ ನಿಕಿ ಚಿನ್ ಮತ್ತು ಮೈಕ್ ಚ್ಯಾಪ್‌ಮನ್ ಜೋಡಿಯೇ ಹಾಡು ಹೊಸೆದು ಕೊಡುತ್ತಿತ್ತು. ಅವು ಬಿಸಿಯಿದ್ದಾಗ ರುಚಿ, ಅಷ್ಟೇ. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ನಮ್ಮ ಪಂಚಗನಿಯ ಶಾಲೆಯಲ್ಲಿ ಓದಿದವನೆಂದು ಆಗಲೇ ಗೊತ್ತಿದ್ದರೆ ತರಗತಿಯಲ್ಲಿ ನನ್ನ ಗತ್ತೇ ಬೇರೆಯಿರುತ್ತಿತ್ತು!

ನೀನು ಕೇಳಿದ ಹಾಡಿಗೆ ಬರುತ್ತೇನೆ. 1973ರ ಜುಲೈಯಲ್ಲಿ ಸ್ಲೇಡ್‌ನ ಡ್ರಮ್ಮರ್ ಡಾನ್ ಪೊವೆಲ್ ನಮ್ಮ ಊರಿನಲ್ಲೇ ಕಾರು ಅಪಘಾತಕ್ಕೆ ಸಿಕ್ಕಿದ. ಜೊತೆಗಿದ್ದ ಪ್ರೇಯಸಿ ತೀರಿಕೊಂಡಳು, ಅವನು ಬದುಕಿದರೂ ನೆನಪಿನ ಶಕ್ತಿಗೆ ಪೆಟ್ಟು ಬಿತ್ತು. ಕೆಲವೇ ವಾರಗಳ ನಂತರ ನ್ಯೂಯಾರ್ಕಿನ ಬಿಸಿಲಿನಲ್ಲಿ ಈ ಕ್ರಿಸ್‌ಮಸ್ ಹಾಡಿನ ಧ್ವನಿಮುದ್ರಣ ನಡೆಯಿತು. ನುಡಿಸಬೇಕಾದದ್ದನ್ನು ಡಾನ್‌ಗೆ ಗೆಳೆಯರು ನೆನಪಿಸಿಕೊಡಬೇಕಾಗುತ್ತಿತ್ತು. ಪಲ್ಲವಿಗೆ ಮಾರ್ದನಿ ಬೇಕೆಂದು ಕಟ್ಟಡದ ಓಣಿಯಲ್ಲಿ ನಿಂತು ಕೂಗಿ ಹಾಡಿದರಂತೆ. ಡಿಸೆಂಬರಿನಲ್ಲಿ ಹಾಡು ಬಂದ ವಾರವೇ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಆಗ ಕಲ್ಲಿದ್ದಲು ಗಣಿ ಕಾರ್ಮಿಕರ ಹೋರಾಟದಿಂದ ವಿದ್ಯುತ್ತಿಗೆ ಬರ. ಟಿವಿ ರಾತ್ರಿ ಹತ್ತೂವರೆಗೆ ಬಂದ್, 1974ರ ಜನವರಿ 1ರಿಂದ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು. ಆಗಲೂ ಹಾಡು ಮೊದಲ ಸ್ಥಾನದಲ್ಲೇ ಇತ್ತು. ಪಕ್ಕದ ಮನೆಯ ಫೌಂಡ್ರಿ ಕೆಲಸಗಾರ ಅರ್ಧ ಸಂಬಳದ ಚಿಂತೆಯಲ್ಲಿದ್ದರೂ ಅದೇ ಹಾಡನ್ನು ಹಾಡುತ್ತಾ ಮೆಟ್ಟಿಲ ಮೇಲಿನ ಹಿಮ ಗುಡಿಸುತ್ತಿದ್ದ, ನಮ್ಮ ಮೆಟ್ಟಿಲನ್ನೂ ಸೇರಿಸಿ.

ಆ ಕಾಲವನ್ನು ಹೊಗಳುವವರು ಮುಚ್ಚಿಡುವ ಭಾಗವೂ ಇದೆ. ನಾವು ಕುಣಿದ ಹಾಡುಗಳಲ್ಲಿ ಗ್ಯಾರಿ ಗ್ಲಿಟರ್‌ನವೂ ಇದ್ದವು. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯಕ್ಕಾಗಿ 2015ರಲ್ಲಿ ಅವನಿಗೆ 16 ವರ್ಷ ಶಿಕ್ಷೆಯಾಯಿತು. ‘ಟಾಪ್ ಆಫ್ ದ ಪಾಪ್ಸ್’ನ ನಿರೂಪಕರಲ್ಲೊಬ್ಬನಾದ ಜಿಮ್ಮಿ ಸ್ಯಾವಿಲ್‌ನ ಪಾಪಗಳು ಹೊರಬಿದ್ದದ್ದು ಅವನು ಸತ್ತ ಮೇಲೆ. ನನಗೆ ಆಗ ವಯಸ್ಸು ಅವರ ಬಲಿಪಶುಗಳಷ್ಟೇ ಇತ್ತು. ಆ ಹಾಡುಗಳನ್ನು ನಾನು ಗುನುಗುವುದಿಲ್ಲ. ಕಲೆ ಬೇರೆ, ಕಲಾವಿದ ಬೇರೆ ಎಂಬ ವಾದ ಈ ವಿಷಯದಲ್ಲಿ ನನಗೆ ಒಗ್ಗದು.

1977ರಲ್ಲಿ ನಾವು ಉಡುಪಿಗೆ ಮರಳಿದೆವು. ಆ ಸೆಪ್ಟೆಂಬರಿನಲ್ಲೇ ಬೋಲನ್ ಲಂಡನ್ನಿನ ಬಾರ್ನ್ಸ್ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡ. ಅಷ್ಟರಲ್ಲಿ ಒರಟು, ಸಿಟ್ಟಿನ ಹಾಡುಗಳ ಪಂಕ್ ಹುಡುಗರು ಬಂದು ಮಿನುಗನ್ನೆಲ್ಲ ಗುಡಿಸಿದ್ದರು. ನಾನು ನೋಡಿದ ಎಷ್ಟೋ ಸಂಚಿಕೆಗಳು ಈಗ ಹುಡುಕಿದರೂ ಸಿಗವು, ಏಕೆಂದರೆ ಬಿಬಿಸಿ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿತ್ತು.

ಆದ್ದರಿಂದ ನೋಡುವುದಕ್ಕಿಂತ ಕೇಳು. ಅಂಗಡಿಯ ಕ್ರಿಸ್‌ಮಸ್ ಹಾಡಿನಿಂದ ಆರಂಭಿಸಬೇಡ. ಅಭಿಮಾನಿಗಳ ಎದುರು ಲಂಡನ್ನಿನ ಸ್ಟುಡಿಯೋದಲ್ಲಿ ಹಾಡಿ 1972ರಲ್ಲಿ ಹೊರತಂದ ‘ಸ್ಲೇಡ್ ಅಲೈವ್’ ಆಲ್ಬಮ್ ಮೊದಲು ಕೇಳು, ಆಮೇಲೆ ತಂಡದ ಜಿಮ್ ಲೀಯ ಪಿಟೀಲಿಗಾಗಿ ‘ಕಾಜ್ ಐ ಲವ್ ಯೂ’. ವಾಲ್ಯೂಮ್ ಜೋರಾಗಿರಲಿ, ಗೋಡೆಯಾಚೆಯವರು ನಿನ್ನಂತೆಯೇ ಎಳೆಯರಾಗಿದ್ದರೆ ಮಾತ್ರ ಹೆಡ್‌ಫೋನ್ ಹಾಕಿಕೋ. ಅರವತ್ತು ದಾಟಿದ ಬರ್ಮಿಂಗ್‌ಹ್ಯಾಮಿನವರು ದೂರು ಕೊಡಲಾರರು.

ನಿನ್ನ,
ಅಮ್ಮ