ಆ ‘ದಶಾಂಶ ಏಳು’ ಎಲ್ಲಿಂದ ಬಂತು?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಾಯುಮಾಲಿನ್ಯದ ನಕ್ಷೆಯನ್ನು ತಪ್ಪದೆ ನೋಡುವವನು ನಾನು. ಮಾಪನ ಕೇಂದ್ರದ ಉಪಕರಣ ಅಳೆದ ಅಂಕಿಯನ್ನೂ, ಕೇಂದ್ರಗಳೇ ಇಲ್ಲದ ಜಾಗಕ್ಕೆ ಕಂಪ್ಯೂಟರ್ ಲೆಕ್ಕ ಹಾಕಿದ ಅಂಕಿಯನ್ನೂ ಅದರಲ್ಲಿ ಒಂದೇ ಬಗೆಯಲ್ಲಿ ಅಚ್ಚು ಹಾಕುತ್ತೀರಿ. ಮೊನ್ನೆ ಅಂಥ ಒಂದು ಜಾಗದ ಪಿಎಂ 2.5 (ಗಾಳಿಯಲ್ಲಿ ತೇಲುವ ಅತಿಸಣ್ಣ ಕಣಗಳ) ಪ್ರಮಾಣ ಘನ ಮೀಟರಿಗೆ 43.7 ಮೈಕ್ರೊಗ್ರಾಂ ಎಂದಿತ್ತು. ಆ ‘ದಶಾಂಶ ಏಳು’ ಎಲ್ಲಿಂದ ಬಂತೆಂದು ನನಗೆ ಗೊತ್ತು: ಪ್ರೋಗ್ರಾಂ ಅಷ್ಟು ಅಂಕಿ ಉಗುಳುತ್ತದೆ, ಅಷ್ಟೆ.

ಇಂಥ ಲೆಕ್ಕ ಹಾಕುವ ಪ್ರೋಗ್ರಾಂಗಳನ್ನು, ಅಂದರೆ ಕಂಪ್ಯೂಟರ್ ಮಾದರಿಗಳನ್ನು, ನಾನು ಹೀಗಳೆಯುತ್ತಿಲ್ಲ. ವರ್ಷಗಟ್ಟಲೆ ನನ್ನ ಹೊಟ್ಟೆಪಾಡೇ ಅದಾಗಿತ್ತು. ಕಣದ ಚಲನೆಯನ್ನು ಅವು ಚೆನ್ನಾಗಿಯೇ ಹಿಡಿಯುತ್ತವೆ. ನಿಶ್ಚಲ ಗಾಳಿಯಲ್ಲಿ 10 ಮೈಕ್ರಾನ್ (ಮಿಲಿಮೀಟರಿನ ನೂರನೇ ಒಂದು ಭಾಗ) ಗಾತ್ರದ ಕಣ ಸೆಕೆಂಡಿಗೆ ಸುಮಾರು 3 ಮಿಲಿಮೀಟರ್ ಇಳಿಯುತ್ತದೆ. 1 ಮೈಕ್ರಾನಿನದು ಇಡೀ ದಿನದಲ್ಲಿ ಇಳಿಯುವುದು ಸುಮಾರು 3 ಮೀಟರ್. ಹಾಗಾಗಿಯೇ ಅದು ಮಳೆ ತೊಳೆಯುವ ತನಕ ಗಾಳಿ ಹೋದತ್ತ ಹೋಗುತ್ತಿರುತ್ತದೆ.

ತೊಡಕಿರುವುದು ಬೇರೆ ಕಡೆ. ಹೊಗೆಕೊಳವೆಯಿಂದ ಅನಿಲವಾಗಿ ಹೊರಟ ಸಲ್ಫರ್ ಡೈಆಕ್ಸೈಡ್ ದಾರಿಯಲ್ಲಿ ಆಮ್ಲವಾಗಿ, ಅಮೋನಿಯಾ ಸೇರಿ, ಹೊಸ ಕಣವೇ ಆಗಿಬಿಡುತ್ತದೆ. ರಾತ್ರಿ ನೆಲದ ಮೇಲಿನ ಗಾಳಿ ಬೆರೆಯುವ ಪದರ ಕುಗ್ಗುತ್ತದೆ. ಅದರ ಎತ್ತರ 200 ಮೀಟರ್ ಇರುವಾಗ ಮಾದರಿ 400 ಎಂದುಕೊಂಡರೆ ಕೆಳಗಿನ ಹೊಗೆಯ ಅಂಕಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಇನ್ನು ಯಾರು ಎಲ್ಲಿ ಎಷ್ಟು ಸುಡುತ್ತಾರೆ ಎಂಬ ಪಟ್ಟಿ! ಎಲ್ಲ ಲೆಕ್ಕ ನಿಂತಿರುವುದು ಅದರ ಮೇಲೆ. ಅದೋ, ಎಷ್ಟೋ ಸಲ ವರ್ಷಗಳಷ್ಟು ಹಳೆಯದು. ಕಸಕ್ಕೆ ಬೆಂಕಿ ಇಡುವವನು ಹೆಸರು ಬರೆಸಿ ಇಡುವುದಿಲ್ಲವಲ್ಲ.

2010ರಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿ ಬೂದಿ ಉಗುಳಿದಾಗ ಯುರೋಪಿನ ವಿಮಾನಗಳು ದಿನಗಟ್ಟಲೆ ನೆಲ ಹಿಡಿದಿದ್ದವು. ಬೂದಿ ಎತ್ತ ಸಾಗುತ್ತದೆಂದು ಹೇಳಿದ್ದು ಬ್ರಿಟಿಷ್ ಹವಾಮಾನ ಸಂಸ್ಥೆಯ ‘ನೇಮ್’ ಮಾದರಿ. ಚೆರ್ನೋಬಿಲ್ ದುರಂತದ ಬಳಿಕ ರೂಪಿಸಿದ್ದು. ಅಲ್ಲಿಯೂ ಅದೇ ಕಥೆ. ದಾರಿ ಹೇಳುವುದು ಒಂದು, ಪರ್ವತದ ಬಾಯಿಂದ ಎಷ್ಟು ಬೂದಿ ಬರುತ್ತಿದೆ ಎಂದು ಹೇಳುವುದು ಇನ್ನೊಂದು, ಗೊಂದಲವಿದ್ದದ್ದು ಎರಡನೆಯದರಲ್ಲಿ.

ನನ್ನ ಕೋರಿಕೆ ಸಣ್ಣದು. ಅಳೆದದ್ದಕ್ಕೆ ತುಂಬಿದ ಚುಕ್ಕೆ, ಲೆಕ್ಕ ಹಾಕಿದ್ದಕ್ಕೆ ಬರಿದಾದ ವೃತ್ತ ಹಾಕಿ. ಲೆಕ್ಕದ ಅಂಕಿಯನ್ನು ‘43.7’ ಎನ್ನುವ ಬದಲು, ಮಾದರಿ ನಡೆಸುವವರನ್ನು ಕೇಳಿ ‘ಇಷ್ಟರಿಂದ ಇಷ್ಟು’ ಎಂದು ಕೊಡಿ. ಅವರ ಬಳಿ ಆ ಉತ್ತರ ಇಲ್ಲವೆಂದಾದರೆ ಆ ಜಾಗವನ್ನು ನಕ್ಷೆಯಲ್ಲಿ ಖಾಲಿ ಬಿಡಬಹುದು.

ಇತಿ,
ನಿಮ್ಮ ಓದುಗ