ಸೇತುವೆ ಬಂತು ಸರಿ, ಸಂಜೆಗೇ ಹೊರಡಬೇಡಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಪತ್ರಿಕೆಗಳಲ್ಲಿ ಅಜ್ಜಿಮನೆಯ ಬೇಸಿಗೆ ರಜೆಯ ಬಗ್ಗೆ ಒಂದಾದರೂ ಲೇಖನ ಇದ್ದೇ ಇರುತ್ತದೆ. ಮಾವಿನ ಮರ, ಹೊಳೆಯಲ್ಲಿ ಈಜು, ಜಗಲಿಯಲ್ಲಿ ಸಾಲಾಗಿ ಹಾಸಿದ ಹಾಸಿಗೆ, ಕೊನೆಯಲ್ಲಿ 'ಆ ದಿನಗಳು ಮತ್ತೆ ಬರುವುದಿಲ್ಲ' ಅಂತ ಒಂದು ನಿಟ್ಟುಸಿರು. ಓದಲು ಚೆನ್ನಾಗಿಯೇ ಇರುತ್ತದೆ. ಆದರೆ ಬರೆದವರೆಲ್ಲ ಊಟಕ್ಕೆ ಕೂತವರು. ಬಡಿಸಿದವಳು ಬರೆದದ್ದನ್ನು ನಾನು ಓದಿದ್ದು ಕಡಿಮೆ. ಅದಕ್ಕೇ ಈ ಪತ್ರ.

ನಮ್ಮದು ಸಾಗರ ತಾಲ್ಲೂಕಿನ ತುಮರಿ ಕಡೆಯ ಹಳ್ಳಿ. ಶರಾವತಿ ಹಿನ್ನೀರಿನ ಆಚೆ ದಡ. ಸಿಗಂದೂರು ಚೌಡೇಶ್ವರಿ ದೇವಸ್ಥಾನಕ್ಕೆ ಬಂದವರಿಗೆ ದಾರಿ ಗೊತ್ತಿರುತ್ತದೆ. 2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ. ಕಾರಿನಲ್ಲಿ ಕೂತರೆ ಒಂದು ಮಾತು ಮುಗಿಯುವುದರೊಳಗೆ ಈಚೆ ದಡ. ಅಲ್ಲಿಯವರೆಗೆ ನಮಗೆ ಜನ, ವಾಹನಗಳನ್ನು ನೀರು ದಾಟಿಸುವ ಲಾಂಚೇ ಗತಿ. ಅದು ತಪ್ಪಿದರೆ ಹೊಸನಗರದ ಕಡೆಯಿಂದ ಸುತ್ತು ಹಾಕಬೇಕು. ರಾತ್ರಿ ಹೆರಿಗೆ ನೋವು ಬಂದರೆ, ಯಾರಿಗಾದರೂ ಎದೆನೋವು ಬಂದರೆ ನಾವು ಹೇಗೆ ಕಳೆದೆವು ಅನ್ನುವುದು ನಮಗೇ ಗೊತ್ತು. ಸೇತುವೆ ಬೇಡವಿತ್ತು ಅಂತ ನಾನು ಹೇಳಿದೆ ಎಂದು ಯಾರೂ ತಿಳಿಯಬಾರದು. ಉದ್ಘಾಟನೆಯ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದೆವು.

ಈಗ ಸೇತುವೆ ಆದಮೇಲಿನ ಮೊದಲ ಬೇಸಿಗೆ ರಜೆ. ಮನೆಯ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮೊನ್ನೆಯಿಂದ ಮೆಸೇಜುಗಳು ಬರುತ್ತಿವೆ. 'ಮೇ ತಿಂಗಳ ಪೂಜೆಗೆ ಖಂಡಿತ ಬರ್ತೀವಿ. ಬೆಳಿಗ್ಗೆ ಬಂದು ಊಟ ಮುಗಿಸಿ ಸಂಜೆ ಹೊರಡ್ತೀವಿ. ಈಗ ಲಾಂಚ್ ತಾಪತ್ರಯ ಇಲ್ವಲ್ಲ!' ಒಬ್ಬರು ಹೀಗೆ ಹಾಕಿದ ಕೂಡಲೇ ಉಳಿದವರೆಲ್ಲ ಹೆಬ್ಬೆರಳು ಎತ್ತಿದರು. ಸಾಗರದಲ್ಲಿ ರೂಮು ಮಾಡ್ತಾರಂತೆ. ಮಾರನೇ ದಿನ ಮಕ್ಕಳಿಗೆ ಜೋಗ ತೋರಿಸ್ತಾರಂತೆ. ಬೇಸಿಗೆಯಲ್ಲಿ ಜೋಗದಲ್ಲಿ ಬಂಡೆ ನೋಡಬೇಕಷ್ಟೆ, ಅದು ಬೇರೆ ಮಾತು.

ನಾನು ಹೇಳಬೇಕೆಂದಿರುವುದು ಇದೇ. ಲಾಂಚ್ ನಮಗೆ ಕಷ್ಟ ಕೊಟ್ಟಿದ್ದು ನಿಜ. ಆದರೆ ನೆಂಟರನ್ನು ರಾತ್ರಿ ನಮ್ಮಲ್ಲಿ ಉಳಿಸುತ್ತಿದ್ದದ್ದೂ ಅದೇ. ಸಂಜೆಯ ಕೊನೆಯ ಲಾಂಚ್ ಹೋಯಿತೆಂದರೆ ಬಂದವರು ಹೋಗುವಂತಿಲ್ಲ. ರಜೆಯಲ್ಲಿ ಸಿಗಂದೂರಿನ ಭಕ್ತರ ವಾಹನಗಳು ಲಾಂಚ್ ಹತ್ತುವ ಹೊಳೆಬಾಗಿಲಿನಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಗಂಟೆಗಟ್ಟಲೆ ಕಾದು ಬಂದವರಿಗೆ ಅದೇ ದಿನ ಮತ್ತೆ ಆ ಸಾಲಿನಲ್ಲಿ ನಿಲ್ಲುವ ಮನಸ್ಸು ಎಲ್ಲಿಂದ ಬರಬೇಕು? ನೀರು ತೀರಾ ಇಳಿದ ವರ್ಷ ಲಾಂಚಿಗೆ ವಾಹನ ಹತ್ತಿಸುವುದನ್ನೇ ನಿಲ್ಲಿಸುತ್ತಿದ್ದರು. ಆಗ ಕಾರು ಸಾಗರದ ಕಡೆಯ ದಡದಲ್ಲಿ, ಮನುಷ್ಯರು ನಮ್ಮ ದಡದಲ್ಲಿ. ಹೀಗೆ ಬಂದವರು ನಾಲ್ಕಾರು ದಿನ ಇದ್ದೇ ಹೋಗುತ್ತಿದ್ದರು.

ಇದ್ದರೆ ಏನಾಗುತ್ತಿತ್ತು ಅಂತ ಕೇಳಬಹುದು. ಸುದ್ದಿ ಗೊತ್ತಾಗುತ್ತಿತ್ತು.

ಸುದ್ದಿ ಅಂದರೆ ಗ್ರೂಪಿನಲ್ಲಿ ಬರುವಂಥದ್ದಲ್ಲ. ಅಲ್ಲಿ ಎಲ್ಲರೂ ಆರಾಮಾಗಿಯೇ ಇರುತ್ತಾರೆ. ಮಗು ಹುಟ್ಟಿದ್ದು, ಮನೆ ಒಕ್ಕಲು, ಮಗಳಿಗೆ ಬಂದ ಮಾರ್ಕ್ಸು, ಯಾರಾದರೂ ತೀರಿಕೊಂಡರೆ ಸಾಲು ಸಾಲು ಕೈಮುಗಿದ ಚಿತ್ರ. ಹಗಲು ಊಟಕ್ಕೆ ಬಂದವರೂ ಅಷ್ಟೇ ಹೇಳುತ್ತಾರೆ. 'ಹೇಗಿದ್ದೀರಿ?' 'ಚೆನ್ನಾಗಿದ್ದೇವೆ ಅತ್ತಿಗೆ.' ಎಲೆ ಎತ್ತುವ ಹೊತ್ತಿಗೆ ಮಾತೂ ಮುಗಿದಿರುತ್ತದೆ. ಚೆನ್ನಾಗಿಲ್ಲದ್ದು ಹೊರಗೆ ಬರುವುದು ರಾತ್ರಿ.

ನಮ್ಮಲ್ಲಿ ಅದು ಬರುವುದು ಹಲಸಿನ ಸೊಳೆ ಬಿಡಿಸುವಾಗ. ಹಪ್ಪಳಕ್ಕೆ ಹಣ್ಣಾಗದ, ಚೆನ್ನಾಗಿ ಬಲಿತ ಕಾಯಿ ಬೇಕು. ಬೆಳಿಗ್ಗೆ ಬೇಗ ಬೇಯಿಸಿ, ಬಿಸಿಯಿರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಒರಳಿನಲ್ಲಿ ಕುಟ್ಟಿ, ಬಿಸಿಲು ಏರುವ ಮೊದಲು ಒತ್ತಿ ಚಾಪೆಯ ಮೇಲೆ ಹಾಕಬೇಕು. ಹಾಗಾಗಿ ಸೊಳೆ ಬಿಡಿಸುವ ಕೆಲಸ ಹಿಂದಿನ ರಾತ್ರಿಯೇ ಮುಗಿಯಬೇಕು. ಊಟ ಆದಮೇಲೆ ಅಂಗಳದಲ್ಲಿ ಎಲ್ಲರೂ ಸುತ್ತ ಕೂರುತ್ತೇವೆ. ಕೈಗೆ ತೆಂಗಿನೆಣ್ಣೆ. ಎಷ್ಟು ಹಚ್ಚಿಕೊಂಡರೂ ಮೇಣ ಅಂಟುತ್ತದೆ. ಆ ಕೈಯಲ್ಲಿ ಯಾರೂ ಫೋನ್ ಮುಟ್ಟುವಂತಿಲ್ಲ. ಎದ್ದು ಹೋಗುವಂತೆಯೂ ಇಲ್ಲ. ಎದುರಿನವರ ಮುಖ ನೋಡುವ ಅಗತ್ಯವೂ ಇಲ್ಲ, ಕಣ್ಣು ಹಲಸಿನ ಮೇಲೆ. ಮನುಷ್ಯರ ಬಾಯಿ ಬಿಡಿಸಲು ಇದಕ್ಕಿಂತ ಒಳ್ಳೆಯ ವ್ಯವಸ್ಥೆ ನಾನು ಕಂಡಿಲ್ಲ.

ಒಂದು ವರ್ಷ ನಾದಿನಿಯ ಮಗ, ಬೆಂಗಳೂರಿನಲ್ಲಿ ದೊಡ್ಡ ಕಂಪನಿ ಅಂತ ನಾವೆಲ್ಲ ಹೇಳಿಕೊಂಡು ಓಡಾಡುತ್ತಿದ್ದವನು, ಸೊಳೆಯಿಂದ ಬೇಳೆ ತೆಗೆಯುತ್ತಾ, 'ಮಾಮಿ, ನನ್ನ ಕೆಲಸ ಹೋಗಿ ಮೂರು ತಿಂಗಳಾಯ್ತು' ಅಂದ. ಅವನ ಅಮ್ಮ ಪಕ್ಕದಲ್ಲೇ ಕೂತಿದ್ದಳು. ಅವಳಿಗೂ ಗೊತ್ತಿರಲಿಲ್ಲ. ಯಾರೂ ಹೌಹಾರಲಿಲ್ಲ. ನಮ್ಮ ಅತ್ತೆ, 'ಹಾಗಾದ್ರೆ ಮಳೆ ಹಿಡಿಯೋವರೆಗೆ ಇಲ್ಲೇ ಇರು, ಕಟ್ಟಿಗೆ ಒಟ್ಟೋಕೆ ಜನ ಇಲ್ಲ' ಅಂದರು. ಅವನು ಇದ್ದ. ಕಟ್ಟಿಗೆ ಒಟ್ಟಿದ್ದು ಅಷ್ಟಕ್ಕಷ್ಟೆ, ಆದರೆ ನಿದ್ದೆ ಚೆನ್ನಾಗಿ ಮಾಡಿದ. ಇನ್ನೊಂದು ಸಲ ವಾರಗಿತ್ತಿ ತನ್ನ ಎದೆಯಲ್ಲಿ ಗಂಟು ಸಿಕ್ಕಿದ್ದನ್ನು ಮೊದಲು ಹೇಳಿದ್ದು ಅಂಥದೇ ಒಂದು ರಾತ್ರಿ. ಗಂಡನಿಗೂ ಹೇಳಿರಲಿಲ್ಲ. ಮಾರನೇ ಬೆಳಿಗ್ಗೆ ಮೊದಲ ಲಾಂಚಿಗೇ ಅವಳನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದೆ. ಈಗ ಅವಳು ಆರಾಮಾಗಿದ್ದಾಳೆ. ಈ ಸಲ 'ಊಟ ಮುಗಿಸಿ ಹೊರಡ್ತೀವಿ' ಅಂತ ಮೆಸೇಜ್ ಹಾಕಿದವಳೂ ಅವಳೇ!

ನಮ್ಮ ಮನೆತನ ಚದುರಿದ್ದೂ ಈ ನೀರಿನಿಂದಲೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಹಳೆಯ ಮನೆ, ಗದ್ದೆ, ತೋಟ ಎಲ್ಲ ಮುಳುಗಿತು. ಮಾವನವರು ಹಳೆಯ ಮನೆಯ ಕಂಬ, ಬಾಗಿಲುಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಗುಡ್ಡದ ಮೇಲೆ ಈಗಿನ ಮನೆ ಕಟ್ಟಿದರು. ಅವರ ಅಣ್ಣನ ಸಂಸಾರ ಶಿವಮೊಗ್ಗದ ಕಡೆ ಹೋಯಿತು. ಹೋದವರಿಗೆ ಕೊಟ್ಟ ಜಾಗದ ಹಕ್ಕುಪತ್ರದ ಓಡಾಟ ಮೊಮ್ಮಕ್ಕಳ ಕಾಲಕ್ಕೂ ಮುಗಿದಿಲ್ಲ. ಅಣ್ಣತಮ್ಮಂದಿರು ಜಗಳವಾಡಿ ಪಾಲಾದವರಲ್ಲ. ಅದಕ್ಕೇ ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಎಲ್ಲರೂ ಒಂದೆಡೆ ಸೇರಬೇಕು ಅಂತ ಮಾವನವರು ನಿಯಮ ಮಾಡಿದರು. ಸತ್ಯನಾರಾಯಣ ಪೂಜೆ ಒಂದು ನೆಪ.

ಅತ್ತೆಗೆ ಈಗ ತೊಂಬತ್ತರ ಹತ್ತಿರ. ಮದುವೆಯಾಗಿ ಬಂದದ್ದು ಮುಳುಗಿದ ಮನೆಗೆ. ನೀರು ಚೆನ್ನಾಗಿ ಇಳಿದ ವರ್ಷ ಹಿನ್ನೀರಿನಲ್ಲಿ ಒಣಗಿದ ಮರದ ಬೊಡ್ಡೆಗಳು ಎದ್ದು ನಿಲ್ಲುತ್ತವೆ. ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೂ ಅಂಥ ಬೇಸಿಗೆಯಲ್ಲಿ ತಲೆ ಎತ್ತುತ್ತದೆ. ಅದನ್ನು ನೋಡಲು ಈಗ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ವಿಡಿಯೋ ಮಾಡುತ್ತಾರೆ. ಅತ್ತೆಗೆ ಡ್ಯಾಮಿನ ಮೇಲೆ ಆಸಕ್ತಿಯಿಲ್ಲ. ಮರಿಮಕ್ಕಳನ್ನು ದಡಕ್ಕೆ ಕರೆದುಕೊಂಡು ಹೋಗಿ, ಕೋಲು ಚಾಚಿ, 'ಅಗೋ ಅಲ್ಲಿ ನಮ್ಮ ಗದ್ದೆ, ಅಲ್ಲಿಂದ ಈಚೆ ನಿಮ್ಮ ಮುತ್ತಜ್ಜನ ದಾಯಾದಿಗಳದ್ದು, ಬದುವಿನ ಮೇಲೆ ಯಾವಾಗಲೂ ಜಗಳ' ಅಂತ ತೋರಿಸುತ್ತಾರೆ. ನೀರಿನ ಅಡಿಯ ಗದ್ದೆಯ ಜಗಳ! ಮಕ್ಕಳಿಗೆ ಅದು ಭಾರೀ ಇಷ್ಟ. ಆದರೆ ಅತ್ತೆ ಇದನ್ನೆಲ್ಲ ಹೇಳುವುದು ತಮಗೆ ಮನಸ್ಸು ಬಂದಾಗ. ಬಿಸಿಲು ಇಳಿಯಬೇಕು, ಮೊಣಕಾಲು ನೋವು ಕಡಿಮೆ ಇರಬೇಕು. ಮಧ್ಯಾಹ್ನ ಊಟ ಮಾಡಿ ನಾಲ್ಕು ಗಂಟೆಗೆ ಕಾರು ಹತ್ತುವವರಿಗೆ ಅವರು 'ಹೋಗಿ ಬನ್ನಿ' ಅಂತಷ್ಟೇ ಹೇಳುತ್ತಾರೆ.

ಇನ್ನು ಬಡಿಸಿದವಳ ಮಾತು. ಹಳೆಯ ಕಾಲದ ಬೇಸಿಗೆ ರಜೆ ಹಾಗೇ ಬೇಕು ಅಂತ ನಾನು ಕೇಳುತ್ತಿಲ್ಲ. ನಾನು ಸೊಸೆಯಾಗಿ ಬಂದ ಮೊದಲ ವರ್ಷಗಳಲ್ಲಿ ಮೇ ಅಂದರೆ ಹೆದರಿಕೆ ಆಗುತ್ತಿತ್ತು. ಮೂವತ್ತು ಮೂವತ್ತೈದು ಜನ. ಬೆಳಿಗ್ಗೆ ದೋಸೆಗೆ ರಾತ್ರಿಯೇ ರುಬ್ಬಬೇಕು, ಒರಳಿನಲ್ಲಿ. ಸುತ್ತ ಕಣ್ಣು ಹಾಯಿಸಿದಷ್ಟೂ ನೀರು, ಆದರೆ ಮೇ ತಿಂಗಳಲ್ಲಿ ನಮ್ಮ ಬಾವಿಯ ತಳ ಕಾಣುತ್ತದೆ. ಆ ನೀರನ್ನು ಸೇದಿ ಅಷ್ಟು ಜನರ ಸ್ನಾನ, ಪಾತ್ರೆ, ಬಟ್ಟೆ. ಭಾವಂದಿರು ಜಗಲಿಯಲ್ಲಿ ಇಸ್ಪೀಟು ಆಡುತ್ತಾ 'ಇನ್ನೊಂದು ಸುತ್ತು ಚಹಾ ಆಗಲಿ' ಅಂತ ಒಳಗೆ ಕೂಗುತ್ತಿದ್ದರು. ಅವರೇ ಮುಂದೆ 'ಆ ದಿನಗಳು ಎಷ್ಟು ಚೆನ್ನಾಗಿದ್ದವು' ಅನ್ನುವವರು. ನನ್ನ ಸೊಸೆ ಕೆಲಸಕ್ಕೆ ಹೋಗುವವಳು. ಹತ್ತು ದಿನ ರಜೆ ಹಾಕಿ ಬಂದು ಪಾತ್ರೆ ತೊಳೆ ಅಂತ ಅವಳಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಹೇಳಿದರೂ ಅವಳು ಕೇಳುವುದಿಲ್ಲ, ಕೇಳಲೂಬಾರದು.

ಹಾಗಾಗಿ ಎರಡು ರಾತ್ರಿ ಸಾಕು. ಆ ಎರಡು ರಾತ್ರಿಗೂ ಷರತ್ತುಗಳಿವೆ. ಕಾಯಿ ತುರಿಯುವುದು, ಬಾವಿಯಿಂದ ನೀರು ಎತ್ತುವುದು, ಎಲೆ ತೆಗೆಯುವುದು ಗಂಡಸರ ಕೆಲಸ. ಚಹಾ ಬೇಕಾದವರು ಎದ್ದು ಮಾಡಿಕೊಳ್ಳಬೇಕು, ಮಾಡುವಾಗ ಇನ್ನೂ ಯಾರಿಗೆ ಬೇಕು ಅಂತ ಕೇಳಬೇಕು. ತಿಂಡಿ ಸುಮ್ನೆ ಅವಲಕ್ಕಿ. ಅಡುಗೆಯೂ ಅಷ್ಟೇ, ಪೂಜೆಯ ದಿನ ಒಂದು ಹೊತ್ತು ದೊಡ್ಡ ಊಟ, ಉಳಿದಂತೆ ಅನ್ನ, ತಂಬುಳಿ, ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿ. ಹೋದ ವರ್ಷ ಇದನ್ನು ಒಂದು ದಿನದ ಮಟ್ಟಿಗೆ ನಡೆಸಿ ನೋಡಿದೆವು. ದೊಡ್ಡ ಭಾವ ಕಾಯಿ ತುರಿದದ್ದನ್ನು ಅವರ ಮೊಮ್ಮಗಳು ವಿಡಿಯೋ ಮಾಡಿ ಗ್ರೂಪಿಗೆ ಹಾಕಿದಳು. ಅರ್ಧ ಕಾಯಿ ಕೆಳಗೆ ಬಿದ್ದಿತ್ತು. ಪರವಾಗಿಲ್ಲ, ಕಲಿಯುತ್ತಾರೆ.

ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ಮಕ್ಕಳೆಲ್ಲ ಒಟ್ಟಿಗೆ ಸೇರುವ ದಿನವೇ ಉಳಿದಿಲ್ಲ. 2025ರಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ ಇತ್ತು. ಸಿಬಿಎಸ್‌ಇ ಶಾಲೆಗಳಿಗೆ ಏಪ್ರಿಲ್‌ನಲ್ಲೇ ಹೊಸ ತರಗತಿ ಶುರು, ಅವರ ರಜೆ ಆಮೇಲೆ, ಅದೂ ಶಾಲೆಗೊಂದು ಥರ. ಆ ವರ್ಷ ಏಪ್ರಿಲ್ ಮಧ್ಯದಲ್ಲಿ ಸಿಇಟಿ. ಮೇ 4ಕ್ಕೆ ನೀಟ್. ಫೇಲಾದವರಿಗೆ, ಮಾರ್ಕ್ಸ್ ಸಾಲದು ಅನ್ನುವವರಿಗೆ ಪಿಯುಸಿ ಪರೀಕ್ಷೆ–2, ಅದಾದಮೇಲೆ ಮೇ ಕೊನೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ–2. ಮಕ್ಕಳಿಗೆ ಇನ್ನೊಂದು ಅವಕಾಶ ಸಿಕ್ಕಿದ್ದು ಒಳ್ಳೆಯದೇ. ಆದರೆ ನಮ್ಮಂಥ ಮನೆಯಲ್ಲಿ ಹತ್ತಾರು ಮೊಮ್ಮಕ್ಕಳಿದ್ದರೆ ಯಾವ ವಾರ ನೋಡಿದರೂ ಒಬ್ಬರದ್ದು ಪರೀಕ್ಷೆ. ಒಬ್ಬರಿಗೆ ಪರೀಕ್ಷೆ ಅಂದರೆ ಅಪ್ಪ ಅಮ್ಮ ತಮ್ಮ ತಂಗಿ ಎಲ್ಲರೂ ಮನೆಯಲ್ಲಿ ಕಟ್ಟಿಹಾಕಿದ ಹಾಗೆ. ಮೇ ತಿಂಗಳ ನಡುವೆ ಎರಡು ವಾರ, ಯಾವ ಪಠ್ಯಕ್ರಮವಾದರೂ ಸರಿ, ಕ್ಲಾಸಿಲ್ಲ, ಪರೀಕ್ಷೆಯಿಲ್ಲ, ಕೋಚಿಂಗ್ ಇಲ್ಲ ಅಂತ ಮಾಡಲು ಸಾಧ್ಯವಿಲ್ಲವೇ? ದಿನಾಂಕ ಬೇಗ ತಿಳಿಸಿದರೆ ಇನ್ನೂ ಒಳ್ಳೆಯದು. ನಮ್ಮ ಕಡೆ ಬರುವ ತಾಳಗುಪ್ಪದ ರೈಲಿಗೆ ಈಗ 60 ದಿನ ಮೊದಲು ಮಾತ್ರ ಟಿಕೆಟ್ ಸಿಗುತ್ತದೆ, ರಜೆಯ ದಿನಗಳ ಟಿಕೆಟ್ ಬೇಗ ಖಾಲಿ.

ಈ ಪತ್ರವನ್ನು ನೀವು ಪ್ರಕಟಿಸಿದರೆ ನಮ್ಮ ಮನೆಯವರು ಓದುತ್ತಾರೆ ಅನ್ನುವುದು ಗೊತ್ತಿದ್ದೇ ಬರೆದಿದ್ದೇನೆ. ನಾನು ಗ್ರೂಪಿನಲ್ಲಿ ಹಾಕಿದರೆ ಹೆಬ್ಬೆರಳು ಎತ್ತಿ ಸುಮ್ಮನಾಗುತ್ತಾರೆ. ಪೇಪರಿನಲ್ಲಿ ಬಂದರೆ ಶಿವಮೊಗ್ಗದ ಭಾವ ಎಲ್ಲರಿಗೂ ಫೋನ್ ಮಾಡಿ ಓದಿ ಹೇಳುತ್ತಾರೆ. ಹಾಗಾಗಿ ಅವರಿಗೆ ಇಲ್ಲಿಂದಲೇ ಹೇಳಿಬಿಡುತ್ತೇನೆ. ಸಾಗರದ ರೂಮು ಕ್ಯಾನ್ಸಲ್ ಮಾಡಿ. ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದೇನೆ. ಬಾವಿಯಲ್ಲಿ ಈ ಸಲ ನೀರು ಪರವಾಗಿಲ್ಲ. ಹಿತ್ತಲಿನ ಮರದ ಹಲಸು ಬಲಿತಿದೆ. ಹೊದಿಕೆ ಮಾತ್ರ ಎಲ್ಲರಿಗೂ ಸಾಲುವುದಿಲ್ಲ, ನಿಮ್ಮ ನಿಮ್ಮದು ತನ್ನಿ. ಬರುವಾಗ ಸಾಗರದಲ್ಲಿ ಎರಡು ಲೀಟರ್ ತೆಂಗಿನೆಣ್ಣೆ ತರುವುದನ್ನು ಮರೆಯಬೇಡಿ.

ಇಂತಿ,
ಒಬ್ಬ ಓದುಗಳು,
ಕರೂರು ಹೋಬಳಿ, ಸಾಗರ ತಾಲ್ಲೂಕು